ಶಾಲೆಗೊಂದು ದೂರದರ್ಶಕ: ಕೊಳ್ಳುವ ಮುನ್ನ, ಕೊಂಡ ನಂತರ

ವಿದ್ಯಾಸಂಸ್ಥೆಯೊಂದು ಬೆಳ್ಳಿಹಬ್ಬವನ್ನೋ ಸುವರ್ಣ ಮಹೋತ್ಸವವನ್ನೋ ಆಚರಿಸುವ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ತಾವು ಕಲಿತ ಶಾಲೆಗೆ ಏನನ್ನಾದರೂ ಸಲ್ಲಿಸಬೇಕೆಂದು ಬಯಸುವುದು ಸಹಜವೂ ಸ್ತುತ್ಯವೂ ಆದ ಸಂಗತಿ. ಹಿಂದೆ ಈ ಬಯಕೆಯು ಗೋಡೆ ಗಡಿಯಾರ, ಬೀರು, ಧ್ವನಿವರ್ಧಕ, ಕೊಠಡಿಗಳ ರೂಪವನ್ನು ತಾಳುತ್ತಿತ್ತು. ವಿಜ್ಞಾನದ ಉಪಕರಣಗಳತ್ತ, ಅದರಲ್ಲಿಯೂ ದೂರದರ್ಶಕದತ್ತ ದಾನಿಗಳ ಮನಸ್ಸು ಹೊರಳುವುದಾದರೆ ಅದು ಸಂತೋಷದ ವಿಷಯವೇ. ಆದರೆ ದೂರದರ್ಶಕವು ಬೀರುವಿನಂತೆ ತಂದಿಟ್ಟೊಡನೆ ಉಪಯೋಗಕ್ಕೆ ಬರುವ ವಸ್ತುವಲ್ಲ. ಉದ್ಘಾಟನೆಯ ದಿನ ಹೂಮಾಲೆ ಹಾಕಿಸಿಕೊಂಡು, ಆ ರಾತ್ರಿ ಗಣ್ಯರಿಗೆ ಚಂದ್ರನನ್ನು ತೋರಿಸಿ, ಮರುವಾರ ಪ್ರಯೋಗಶಾಲೆಯ ಬೀರುವನ್ನು ಸೇರಿ, ಅಲ್ಲಿಂದ ಮುಂದೆ ದಾಸ್ತಾನು ಪುಸ್ತಕದಲ್ಲಿ ಮಾತ್ರ ಬದುಕಿರುವ ದೂರದರ್ಶಕದ ಚಿತ್ರ ಅನೇಕ ಉಪಾಧ್ಯಾಯರಿಗೆ ಅಪರಿಚಿತವಲ್ಲ. ಇದಕ್ಕೆ ಉಪಾಧ್ಯಾಯರ ಔದಾಸೀನ್ಯವನ್ನೇ ಕಾರಣವಾಗಿ ಹೇಳುವುದು ವಾಡಿಕೆಯಾಗಿದೆ. ಅದು ನ್ಯಾಯವಾದ ಮಾತಲ್ಲ. ಬಹುಮಟ್ಟಿಗೆ ದೋಷವಿರುವುದು ಆಯ್ಕೆಯಲ್ಲಿಯೇ. ಹಣವೆಲ್ಲ ಮಸೂರಕ್ಕೆ ಹೋಗಿರುತ್ತದೆ. ಮಸೂರವನ್ನು ಹೊರುವ ಪೀಠಕ್ಕೆ ಏನೂ ಉಳಿದಿರುವುದಿಲ್ಲ.

ಹೇಮಗುಡ್ಡದಂತಹ ಸ್ಥಳವೊಂದನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಉಚಿತ. ಗಂಗಾವತಿ ತಾಲ್ಲೂಕಿನ ಈ ಗುಡ್ಡವನ್ನು ಜನರು ಬಲ್ಲುದು ಅದರ ಹಳೆಯ ಕೋಟೆಯಿಂದ, ಗಂಡುಗಲಿ ಕುಮಾರರಾಮನ ನೆನಪಿನಿಂದ, ದುರ್ಗಾಪರಮೇಶ್ವರಿಯ ಗುಡಿಯಿಂದ, ದಸರೆಯ ಉತ್ಸವದಿಂದ. ಅದರ ನೆತ್ತಿಯ ಮೇಲಿನ ಆಕಾಶವನ್ನು ಕುರಿತು ಯಾರೂ ಹೆಚ್ಚು ಮಾತನಾಡಿಲ್ಲ. ಇಲ್ಲಿಯ ಅಕ್ಷಾಂಶ 15 ಡಿಗ್ರಿಗೆ ಸ್ವಲ್ಪ ಮಿಕ್ಕಿದ್ದು. ಆದುದರಿಂದ ಉತ್ತರದ ಸಪ್ತರ್ಷಿಮಂಡಲವೂ ದಕ್ಷಿಣದ ತ್ರಿಶಂಕುವೂ ಇಲ್ಲಿಯವರಿಗೆ ಸಮಾನವಾಗಿ ದಕ್ಕುತ್ತವೆ. ಲಂಡನ್ನಿನಲ್ಲಿ ಎಂದಿಗೂ ಉದಯಿಸದ ಒಮೆಗಾ ಸೆಂಟಾರಿ ಎಂಬ ಬೃಹತ್ ನಕ್ಷತ್ರಗುಚ್ಛವು ಮೇ ತಿಂಗಳ ರಾತ್ರಿ ಇಲ್ಲಿ ದಿಗಂತದಿಂದ 27 ಡಿಗ್ರಿ ಮೇಲೇರಿ ನಿಲ್ಲುತ್ತದೆ. ಯುರೋಪಿನ ಹವ್ಯಾಸಿಗಳು ವಿಮಾನವೇರಿ ದಕ್ಷಿಣಕ್ಕೆ ಪ್ರಯಾಣ ಮಾಡಿ ನೋಡುವ ಸಂಪತ್ತು ಇದು. ಕೊಪ್ಪಳ ಸೀಮೆಯ ಹುಡುಗ ಅದನ್ನು ಮಾಳಿಗೆಯ ಮೇಲೆ ನಿಂತು ನೋಡಬಲ್ಲನು. ಇದರೊಡನೆ ತೊಡಕುಗಳೂ ಇವೆ. ಹಗಲೆಲ್ಲ ಕಾದ ಹೆಬ್ಬಂಡೆಗಳು ಸರಿರಾತ್ರಿಯವರೆಗೂ ಬಿಸಿಯನ್ನು ಬಿಡುತ್ತ ಗಾಳಿಯನ್ನು ಕದಡುತ್ತವೆ. ಕಾಲುವೆಯ ನೀರುಂಡ ಭತ್ತದ ಗದ್ದೆಗಳ ತೇವವು ಗಾಜಿನ ಮೇಲೆ ಬೂಷ್ಟು ಹಿಡಿಸುತ್ತದೆ. ಕೊಪ್ಪಳ–ಗಿಣಿಗೇರಿಯ ಕಡೆಯ ಕಾರ್ಖಾನೆಗಳ ಬೆಳಕು ದಿಗಂತದ ಒಂದು ಭಾಗವನ್ನು ನುಂಗುತ್ತದೆ. ಆಯ್ಕೆ ಮಾಡುವವರು ಗುಣ ದೋಷಗಳೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲು ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆ. ಕನ್ನಡನಾಡಿನಲ್ಲಿಯೇ ನಡೆದ ಒಂದು ಪ್ರಸಂಗವು ಇದಕ್ಕೆ ಉತ್ತರವನ್ನು ಕೊಡುತ್ತದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನಿನ ಮೇಲೆ ಹಾದುಹೋಯಿತು. ಅಂದು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದವನು ಮೋಜಣಿ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಅಜ್ಜನು ದೊಡ್ಡ ದೊಡ್ಡ ಕನ್ನಡಿಗಳನ್ನು ಉಜ್ಜಿ ದೂರದರ್ಶಕಗಳನ್ನು ಕಟ್ಟಿದವನು. ಮೊಮ್ಮಗನ ಕೈಯಲ್ಲಿ ಇದ್ದುದು ರಾಯಲ್ ಸೊಸೈಟಿ ಕಳುಹಿಸಿದ, ಕೇವಲ 5 ಅಂಗುಲದ ಮಸೂರ ದೂರದರ್ಶಕ. ಮೋಡಗಳು ಅಡ್ಡ ಬರುತ್ತಿದ್ದವು. ಮೋಡ ಬಿರಿದ ಸ್ವಲ್ಪ ಹೊತ್ತಿನಲ್ಲಿಯೇ ಆತನು ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯತ್ತ ರೋಹಿತದರ್ಶಕವನ್ನು ಹಿಡಿದು ಅದರ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಅಂದು ಸ್ಥಿರಪಟ್ಟಿತು. ಸೋಡಿಯಂನದೆಂದು ಅಂದು ಭಾವಿಸಲಾದ ಆ ಕಿತ್ತಳೆ ಗೆರೆ ಬೇರೊಂದು ಮೂಲವಸ್ತುವಿನದೆಂದೂ ಅದು ಹೀಲಿಯಂ ಎಂದೂ ಆಮೇಲೆ ತಿಳಿದುಬಂದಿತು. ಇಷ್ಟು ಕೆಲಸ ಮಾಡಿದ ಉಪಕರಣದ ಅಗಲವು ಇಂದು ಅಂಗಡಿಯಲ್ಲಿ ‘ಮಧ್ಯಮ ಗಾತ್ರ’ವೆಂದು ಮಾರುವ 127 ಮಿ.ಮೀ. ದೂರದರ್ಶಕದ ಅಗಲವೇ ಆಗಿದೆ. ಆದರೆ ಗಮನಿಸಬೇಕಾದುದು ಇನ್ನೊಂದಿದೆ. ಹರ್ಷೆಲನ ಆ ಕೊಳವೆಯು ಗಡಿಯಾರದ ಯಂತ್ರದಿಂದ ಸೂರ್ಯನನ್ನು ಹಿಂಬಾಲಿಸುವ ಭದ್ರವಾದ ಪೀಠದ ಮೇಲೆ ಕುಳಿತಿತ್ತು. ಮೋಡದ ಸಂದಿಯಲ್ಲಿ ಸೂರ್ಯನು ಮುಖ ತೋರಿಸಿದಾಗ ಅದನ್ನು ಹುಡುಕುತ್ತ ಕೂರುವ ಪ್ರಮೇಯ ಆತನಿಗೆ ಬರಲಿಲ್ಲ.

ಮಧ್ಯಮ ಗಾತ್ರದಲ್ಲಿಯೂ ಎಷ್ಟು ಅಗಲ ಬೇಕು? ಶಾಲೆಯ ಮಟ್ಟಿಗೆ 4 ಅಂಗುಲ, ಅಂದರೆ 100 ಮಿ.ಮೀ. ಸುಮಾರಿನದು, ಸಾಕು ಮಾತ್ರವಲ್ಲ, ಅದೇ ಉತ್ತಮ. ಕತ್ತಲೆಗೆ ಹೊಂದಿಕೊಂಡ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲಿಸುತ್ತದೆ, ನೂರು ಮಿ.ಮೀ. ಮಸೂರವು ಅದಕ್ಕಿಂತ ಇನ್ನೂರು ಪಟ್ಟು ಬೆಳಕನ್ನು ಕೂಡಿಸಿ ಕೊಡುತ್ತದೆ. ಗುರುವಿನ ಪಟ್ಟೆಗಳು, ಅದರ ನಾಲ್ಕು ಉಪಗ್ರಹಗಳು, ಶನಿಯ ಬಳೆ, ಕೃತ್ತಿಕೆಯ ಗುಂಪು, ಮಹಾವ್ಯಾಧನ ನೀಹಾರಿಕೆ ಇವೆಲ್ಲ ಅದಕ್ಕೆ ಎಟುಕುತ್ತವೆ. ಮದುವೆಯ ಮಂಟಪದಿಂದ ವಧೂವರರಿಗೆ ತೋರಿಸುವ ಅರುಂಧತೀ ವಸಿಷ್ಠರನ್ನು ಈ ದೂರದರ್ಶಕದಲ್ಲಿ ನೋಡಿದರೆ ವಸಿಷ್ಠನೇ ಎರಡು ನಕ್ಷತ್ರಗಳಾಗಿ ಒಡೆದು ಕಾಣುತ್ತಾನೆ. ಪುರೋಹಿತರು ಹೇಳದ ಈ ಸಂಗತಿಯನ್ನು ಕಂಡ ವಿದ್ಯಾರ್ಥಿ ಅದನ್ನು ಮರೆಯಲಾರನು.

ಇದಕ್ಕಿಂತ ಅಗಲವಾದುದನ್ನು ಬಯಸಿದರೆ ಮಸೂರ ದೂರದರ್ಶಕದ ಸಹಜ ದೋಷವೊಂದು ಎದುರಾಗುತ್ತದೆ. ಮಸೂರವು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಬಿಂದುಗಳಲ್ಲಿ ಕೂಡಿಸುವುದರಿಂದ ಪ್ರಕಾಶಮಾನವಾದ ವಸ್ತುಗಳ ಸುತ್ತ ನೇರಳೆ ಬಣ್ಣದ ಅಂಚು ಮೂಡುತ್ತದೆ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಈ ವರ್ಣದೋಷವನ್ನು ಬಹಳಷ್ಟು ತಗ್ಗಿಸುವ ಉಪಾಯಕ್ಕೆ ಲಂಡನ್ನಿನ ಜಾನ್ ಡಾಲಂಡನು 1758ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಸಾಮಾನ್ಯ ಮಸೂರ ದೂರದರ್ಶಕಗಳೆಲ್ಲ ಆ ವಂಶದವು. ಉಳಿದ ದೋಷವು ಕಣ್ಣಿಗೆ ಬಾಧಕವಾಗದಿರಬೇಕಾದರೆ ಸಂಗಮದೂರವು ಅಗಲದ ಇಷ್ಟು ಪಟ್ಟು ಇರಬೇಕೆಂಬ ಒಂದು ಹಳೆಯ ಗಣನೆಯುಂಟು: ಅಗಲವನ್ನು ಅಂಗುಲದಲ್ಲಿ ಅಳೆದು ಮೂರರಿಂದ ಗುಣಿಸಿದರೆ ಆ ಪಟ್ಟು ಸಿಗುತ್ತದೆ. ನಾಲ್ಕು ಅಂಗುಲಕ್ಕೆ ಹನ್ನೆರಡು ಪಟ್ಟು, ಎಂದರೆ ಸುಮಾರು 1.2 ಮೀಟರ್ ಉದ್ದದ ಕೊಳವೆ. ಐದು ಅಂಗುಲಕ್ಕೆ 1.9 ಮೀಟರ್, ಆರು ಅಂಗುಲಕ್ಕೆ 2.7 ಮೀಟರ್! ಅಗಲ ಅಂಗುಲದ ಲೆಕ್ಕದಲ್ಲಿ ಬೆಳೆದರೆ ಉದ್ದವು ಮಾರಿನ ಲೆಕ್ಕದಲ್ಲಿ ಬೆಳೆಯುತ್ತದೆ. ಪೇಟೆಯಲ್ಲಿ ಸುಲಭವಾಗಿ ದೊರೆಯುವ 102 ಮಿ.ಮೀ. ಅಗಲ, 1000 ಮಿ.ಮೀ. ಸಂಗಮದೂರದ ಕೊಳವೆಯು ಈ ಗಣನೆಗೆ ತುಸು ಕಡಮೆ ಬಿದ್ದರೂ ಶಾಲೆಯ ಕೆಲಸಕ್ಕೆ ಒಪ್ಪುತ್ತದೆ. ಅದೇ ಅಗಲದ 500 ಮಿ.ಮೀ. ಗಿಡ್ಡ ಕೊಳವೆಯು ಹಗುರವೆಂದೂ ಅಗ್ಗವೆಂದೂ ಮಾರಾಟಗಾರರು ಮುಂದಿಡುತ್ತಾರೆ. ನಕ್ಷತ್ರಗುಚ್ಛಗಳಿಗೆ ಅದು ಸರಿಯೇ. ಚಂದ್ರ, ಗುರು, ಶುಕ್ರರನ್ನು ನೋಡಲು ಹೊರಟ ಶಾಲೆಗೆ ಅದು ತಕ್ಕುದಲ್ಲ.

ವಿಶೇಷ ಗಾಜಿನ ಮಸೂರಗಳ ಮಾತು ಬೇರೆ. ಈ.ಡಿ. ಎಂದು ಕರೆಯುವ ಗಾಜನ್ನು ಬಳಸಿದ ದೂರದರ್ಶಕದಲ್ಲಿ ಕೊಳವೆ ಗಿಡ್ಡವಾಗಿದ್ದರೂ ನೇರಳೆ ಅಂಚು ಕಾಣುವುದಿಲ್ಲ. ಅದರ ಬೆಲೆ ಸಾಮಾನ್ಯ ಮಸೂರದ ಬೆಲೆಯ ಹಲವು ಪಟ್ಟು. ವಿದೇಶದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಇಂತಹುದನ್ನೇ ಕಳುಹಿಸಲು ಉತ್ಸುಕರಾಗುತ್ತಾರೆ. ಅವರ ಔದಾರ್ಯ ದೊಡ್ಡದು. ಆಕಾಶದ ಛಾಯಾಚಿತ್ರಗಳನ್ನು ತೆಗೆಯುವ ಹವ್ಯಾಸಿಗೆ ಅದು ಅಗತ್ಯವೂ ಹೌದು. ಆದರೆ ಶನಿಯ ಬಳೆಯನ್ನು ಮೊದಲ ಸಲ ಕಾಣುವ ಎಂಟನೆಯ ತರಗತಿಯ ಬಾಲಕಿಯ ಆನಂದಕ್ಕೆ ಕೊಂಚ ನೇರಳೆ ಬಣ್ಣದಿಂದ ಕುಂದೇನೂ ಬರುವುದಿಲ್ಲ. ಆಕೆಗೆ ಕುಂದು ಬರುವುದು ಶನಿಯು ಕ್ಷಣಮಾತ್ರವೂ ನಿಲ್ಲದೆ ನಡುಗುತ್ತ ದೃಷ್ಟಿಯಿಂದ ಜಾರಿಹೋದಾಗ.

ಕನ್ನಡಿಯ ದೂರದರ್ಶಕವನ್ನೇ ಏಕೆ ಕೊಳ್ಳಬಾರದೆಂದು ಬಲ್ಲವರು ಕೇಳುವುದುಂಟು. ಅವರ ಪ್ರಶ್ನೆಯಲ್ಲಿ ಹುರುಳಿದೆ. ಅಷ್ಟೇ ಹಣಕ್ಕೆ ಕನ್ನಡಿಯಲ್ಲಿ ಹೆಚ್ಚು ಅಗಲ ಸಿಗುತ್ತದೆ, ಮಸುಕಾದ ನೀಹಾರಿಕೆಗಳಲ್ಲಿ ಅದರ ಮುಂದೆ ನಾಲ್ಕು ಅಂಗುಲದ ಮಸೂರ ಸೋಲುತ್ತದೆ. ಆದರೂ ಬಾಯ್ದೆರೆದ ಆ ಕೊಳವೆಯೊಳಗೆ ಬೇಸಗೆಯ ಧೂಳು ಇಳಿಯುತ್ತದೆ. ಕನ್ನಡಿಗಳ ಹೊಂದಾಣಿಕೆಯನ್ನು ಆಗಾಗ ಸರಿಪಡಿಸಬೇಕು. ಕೆಲವು ವರ್ಷಗಳ ಬಳಿಕ ಅದರ ಲೇಪವನ್ನು ಹೊಸದಾಗಿ ಮಾಡಿಸಬೇಕು. ಅದನ್ನು ಬಲ್ಲ ಒಬ್ಬ ಉಪಾಧ್ಯಾಯರು ನಿವೃತ್ತರಾದರೆ ಮುಂದಿನವರು ಮುಟ್ಟಲು ಅಂಜುತ್ತಾರೆ. ಮುಚ್ಚಿದ ಕೊಳವೆಯ ಮಸೂರ ದೂರದರ್ಶಕವು ಇಂತಹ ಕೈ ಬದಲಾವಣೆಗಳನ್ನು ತಾಳಿಕೊಳ್ಳುತ್ತದೆ. ಶಾಲೆಗೆ ಅದನ್ನು ಹೇಳುವುದು ಈ ಒಂದು ಕಾರಣಕ್ಕಾಗಿ.

ಇನ್ನು ಪೀಠದ ವಿಚಾರ. ಇದನ್ನು ವಿಸ್ತಾರವಾಗಿ ಹೇಳುವುದು ಅವಶ್ಯ, ಏಕೆಂದರೆ ಮಾರಾಟದ ಚಿತ್ರಪತ್ರಗಳು ಇದನ್ನು ಕುರಿತು ಒಂದೇ ಸಾಲು ಬರೆಯುತ್ತವೆ. ನೂರು ಪಟ್ಟು ಹಿಗ್ಗಿಸಿ ನೋಡುವಾಗ ಕೊಳವೆಯು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಅಲುಗಿದರೂ ಚಿತ್ರವು ಚಂದ್ರನ ಅಗಲದ ಮೂರು ಪಟ್ಟಿಗೂ ಮಿಕ್ಕು ಜಿಗಿದಂತೆ ತೋರುತ್ತದೆ. ತೆಳುವಾದ ಮುಕ್ಕಾಲಿಯ ಮೇಲೆ ಒಂದು ಮೀಟರ್ ಕೊಳವೆಯನ್ನು ಕೂರಿಸಿದರೆ ಗುಡ್ಡದ ಸಂಜೆಗಾಳಿಯೊಂದೇ ಇದಕ್ಕೆ ಸಾಕು. ಎರಡನೆಯದು ಭೂಮಿಯ ಭ್ರಮಣ. ಅದೇ ನೂರು ಪಟ್ಟಿನಲ್ಲಿ ಸಾಮಾನ್ಯ ನೇತ್ರಕದ ದೃಷ್ಟಿಕ್ಷೇತ್ರವನ್ನು ಗ್ರಹವೊಂದು ದಾಟಿಹೋಗಲು ಸುಮಾರು ಎರಡು ನಿಮಿಷ ಹಿಡಿಯುತ್ತದೆ. ಸಾಲಿನಲ್ಲಿ ನಲವತ್ತು ಮಕ್ಕಳು ನಿಂತಿದ್ದಾರೆಂದು ಭಾವಿಸಿದರೆ, ಮೂರನೆಯ ಮಗು ಬಗ್ಗುವ ಹೊತ್ತಿಗೆ ಗ್ರಹವು ಅಲ್ಲಿರುವುದಿಲ್ಲ. ಉಪಾಧ್ಯಾಯರು ಮತ್ತೆ ಮತ್ತೆ ಹುಡುಕಿ ಕೊಡಬೇಕು. ಹುಡುಕುವಷ್ಟರಲ್ಲಿ ಸಾಲು ಚದರಿ ಗದ್ದಲವಾಗುತ್ತದೆ. ನಾಲ್ಕು ರಾತ್ರಿ ಹೀಗಾದರೆ ಐದನೆಯ ರಾತ್ರಿ ಉಪಕರಣವು ಬೀರುವಿನಿಂದ ಹೊರಗೆ ಬರುವುದಿಲ್ಲ. ಇದನ್ನು ಔದಾಸೀನ್ಯವೆಂದು ಕರೆಯುವುದು ಹೇಗೆ?

ಇದಕ್ಕೆ ಪರಿಹಾರವೆಂದರೆ ಧ್ರುವದತ್ತ ಓರೆಯಾದ ಅಕ್ಷವನ್ನುಳ್ಳ, ಮೋಟಾರಿನಿಂದ ತಿರುಗುವ ಇಕ್ವಟೋರಿಯಲ್ ಪೀಠ. ಕೊಳ್ಳುವಾಗ ಇಲ್ಲಿ ಒಂದು ಎಚ್ಚರ ಬೇಕು. ಈ ಪೀಠದ ಅಕ್ಷವು ನೆಲದಿಂದ ಊರಿನ ಅಕ್ಷಾಂಶದಷ್ಟೇ ಕೋನದಲ್ಲಿ ಓರೆಯಾಗಿರಬೇಕು. ಯುರೋಪು ಅಮೆರಿಕಗಳ ನಲವತ್ತು ಐವತ್ತು ಡಿಗ್ರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲವು ಪೀಠಗಳು ಹದಿನೈದು ಡಿಗ್ರಿಗೆ ಬಾಗುವುದೇ ಇಲ್ಲ. ಬಾಗಿದರೂ ಪ್ರತಿಭಾರದ ಸರಳು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ಹೇಮಗುಡ್ಡದಲ್ಲಿ ಇದು ಕಾಗದದ ಮೇಲಿನ ಆಕ್ಷೇಪವಲ್ಲ, ಮೊದಲ ರಾತ್ರಿಯೇ ಎದುರಾಗುವ ವಾಸ್ತವ. ಹಣ ಕೊಡುವ ಮುನ್ನ ಅಂಗಡಿಯವರಿಂದ ಪೀಠವನ್ನು ಹದಿನೈದು ಡಿಗ್ರಿಗೆ ಇಳಿಸಿ ತಿರುಗಿಸಿ ತೋರಿಸಿಕೊಳ್ಳಬೇಕು. ಇದಕ್ಕಿಂತ ಮೇಲಾದ ಉಪಾಯವೆಂದರೆ ಮುಕ್ಕಾಲಿಯನ್ನು ಕೈಬಿಟ್ಟು ಆಟದ ಮೈದಾನದ ಮೂಲೆಯಲ್ಲಿ, ಬಂಡೆಗಳಿಂದ ಸ್ವಲ್ಪ ದೂರದ ಮಣ್ಣುನೆಲದಲ್ಲಿ, ಕಾಂಕ್ರೀಟಿನ ಕಂಬವೊಂದನ್ನು ನಿಲ್ಲಿಸುವುದು. ಊರಿನ ಗೌಂಡಿಯೂ ಕಬ್ಬಿಣ ಕೆಲಸದವನೂ ಕೂಡಿ ಮಾಡಬಹುದಾದ ಕೆಲಸ ಅದು. ಕಂಬಕ್ಕೆ ಮುಕ್ಕಾಲಿಯ ಕಾಲುಗಳಿಲ್ಲವಾದ್ದರಿಂದ ಸರಳು ಬಡಿಯುವ ಭಯವಿಲ್ಲ. ಪ್ರತಿ ರಾತ್ರಿಯೂ ಹೊಸದಾಗಿ ದಿಕ್ಕು ಹೊಂದಿಸುವ ಶ್ರಮವೂ ಇಲ್ಲ.

ದಿಕ್ಕು ಹೊಂದಿಸಲು ಧ್ರುವನಕ್ಷತ್ರವೇ ಬೇಕೆಂದಿಲ್ಲ. ಇಲ್ಲಿ ಧ್ರುವನು ದಿಗಂತದಿಂದ ಹದಿನೈದು ಡಿಗ್ರಿಯಷ್ಟೇ ಮೇಲಿರುವುದರಿಂದ, ಶಾಲೆಯ ಉತ್ತರಕ್ಕೆ ಇನ್ನೂರು ಮೀಟರ್ ದೂರದಲ್ಲಿ ಅರವತ್ತು ಮೀಟರ್ ಎತ್ತರದ ಗುಡ್ಡವೊಂದಿದ್ದರೆ ಅವನು ಕಾಣುವುದೇ ಇಲ್ಲ. ಭಾರತೀಯ ಜ್ಯೋತಿಶ್ಶಾಸ್ತ್ರಜ್ಞರು ಬಳಸಿದ ಶಂಕುವಿನ ವಿಧಾನ ಇಂದಿಗೂ ನಿಷ್ಕೃಷ್ಟವೇ. ಸಮತಟ್ಟಾದ ನೆಲದಲ್ಲಿ ಕೋಲೊಂದನ್ನು ನೆಟ್ಟು, ಅದರ ಸುತ್ತ ವೃತ್ತವನ್ನೆಳೆದು, ನೆರಳಿನ ತುದಿಯು ಮುಂಜಾನೆ ವೃತ್ತದೊಳಗೆ ಪ್ರವೇಶಿಸುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಹೊರಬೀಳುವ ಬಿಂದುವನ್ನೂ ಗುರುತಿಸಿದರೆ, ಅವೆರಡನ್ನು ಕೂಡಿಸುವ ರೇಖೆ ಪೂರ್ವಪಶ್ಚಿಮವಾಗುತ್ತದೆ. ಒಂಬತ್ತನೆಯ ತರಗತಿಯವರ ರೇಖಾಗಣಿತದ ಪಾಠ ಅಲ್ಲಿಯೇ ಆಗಿಹೋಗುತ್ತದೆ.

ಹೀಗೆ ನೋಡಿದರೆ ನೂರು ರೂಪಾಯಿಯಲ್ಲಿ ಐವತ್ತು ಪೀಠಕ್ಕೆ, ಮೂವತ್ತು ಕೊಳವೆಗೆ, ಇಪ್ಪತ್ತು ನೇತ್ರಕ ಮೊದಲಾದ ಉಪಾಂಗಗಳಿಗೆ ಎಂದು ಹಂಚುವುದು ಯುಕ್ತವಾದುದು. ಕೊಂಡ ಮೇಲಿನ ಸುಧಾರಣೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಈಗಾಗಲೇ ಶಾಲೆಯಲ್ಲಿ ಹಳೆಯ ದೂರದರ್ಶಕವಿದ್ದರೆ ಹೊಸದನ್ನು ಕೊಳ್ಳುವ ಅವಸರ ಬೇಡ; ಅದನ್ನು ಕಂಬದ ಮೇಲೆ ಕೂರಿಸಿ ಮೋಟಾರು ಹಚ್ಚಿದರೆ ಹಲವು ವೇಳೆ ಅದೇ ಹೊಸದಾಗುತ್ತದೆ. ಅನಂತರ ನೇತ್ರಕಗಳು. ಅಗ್ಗದ ದೂರದರ್ಶಕದೊಡನೆ ಬರುವ ನೇತ್ರಕಗಳಲ್ಲಿ ಒಂದೆರಡು ಬರಿಯ ಹೆಸರಿಗೆ. ಪ್ಲೋಸೆಲ್ ಜಾತಿಯ 25 ಮಿ.ಮೀ. ಮತ್ತು 10 ಮಿ.ಮೀ. ನೇತ್ರಕಗಳೆರಡಿದ್ದರೆ ಒಂದು ಮೀಟರ್ ಸಂಗಮದೂರದ ಕೊಳವೆಯಲ್ಲಿ 40 ಮತ್ತು 100 ಪಟ್ಟು ದೊರೆಯುತ್ತದೆ. ನಾಲ್ಕು ಅಂಗುಲದ ಮಸೂರಕ್ಕೆ 200 ಪಟ್ಟೇ ಮೇರೆ. ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಮುದ್ರಿಸಿದ್ದರೆ ಅದನ್ನು ಜಾಹೀರಾತೆಂದೇ ತಿಳಿಯಬೇಕು. ನೇತ್ರಕದ ಮುಂದೆ ಬರುವ 45 ಡಿಗ್ರಿಯ ಪ್ರಿಸಂ ಗುಡ್ಡ ಗಿಡಗಳನ್ನು ನೋಡಲು ಮಾಡಿದ್ದು; ನೆತ್ತಿಯ ಮೇಲಿನ ನಕ್ಷತ್ರವನ್ನು ನೋಡಹೊರಟವರ ಕತ್ತು ಅದರಿಂದ ಉಳುಕುತ್ತದೆ. ಅದರ ಬದಲು 90 ಡಿಗ್ರಿಯ ಕನ್ನಡಿಯನ್ನು ಹಾಕಿಸಬೇಕು. ಗುರಿಹಿಡಿಯುವ ಸಣ್ಣ ಶೋಧಕವನ್ನೂ ಬದಲಿಸಿಕೊಳ್ಳಬಹುದು. ಇಷ್ಟೆಲ್ಲ ಆಗಿ, ವೀಕ್ಷಣೆಯ ದಿನಚರಿ ಪುಸ್ತಕವೊಂದು ತುಂಬಿದ ಮೇಲೆ ಉತ್ತಮ ಮಸೂರದ ಯೋಚನೆ ಬರಲಿ.

ಒಂದು ವಿಷಯದಲ್ಲಿ ಮಾತ್ರ ಮಿತವ್ಯಯ ಸಲ್ಲದು. ಸೂರ್ಯನನ್ನು ನೋಡಲು ಮಸೂರದ ಮುಂಭಾಗವನ್ನೆಲ್ಲ ಮುಚ್ಚುವ ಪ್ರಮಾಣಿತ ಶೋಧಕ ಫಿಲ್ಟರನ್ನೇ ಕೊಳ್ಳಬೇಕು. ನೇತ್ರಕಕ್ಕೆ ತಿರುಪುವ ಪುಟ್ಟ ಕಪ್ಪು ಗಾಜು ಹಳೆಯ ಪೆಟ್ಟಿಗೆಗಳಲ್ಲಿ ಇದ್ದರೆ ಅದನ್ನು ಅಂದೇ ಒಡೆದು ಎಸೆಯಬೇಕು. ಸೂರ್ಯನ ತಾಪಕ್ಕೆ ಅದು ಬಿರಿದರೆ ಮಗುವಿನ ಕಣ್ಣು ಹೋಗುತ್ತದೆ.

ಸೂರ್ಯನ ಮಾತು ಬಂದಾಗ ತಮಿಳುನಾಡಿನ ಕೊಡೈಕಾನಲ್ ನೆನಪಾಗುವುದು ಅನಿವಾರ್ಯ. ಬೆಂಗಳೂರಿನಲ್ಲಿ ಕೇಂದ್ರವನ್ನುಳ್ಳ ಭಾರತೀಯ ಖಭೌತ ಸಂಸ್ಥೆಯ ಅಧೀನದಲ್ಲಿರುವ ಆ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯಬಿಂಬದ ಚಿತ್ರವನ್ನು ಆಕಾಶ ತಿಳಿಯಾಗಿರುವ ದಿನಗಳಲ್ಲೆಲ್ಲ ತೆಗೆಯುತ್ತ ಬಂದಿದ್ದಾರೆ. ಆರಂಭದಲ್ಲಿ ಬಳಸಿದುದು 10 ಸೆಂ.ಮೀ. ಮಸೂರ, ಎಂದರೆ ಶಾಲೆಗೆ ಇಲ್ಲಿ ಸೂಚಿಸಿದ ಅಳತೆಯದೇ. 1918ರ ಹೊತ್ತಿಗೆ 15 ಸೆಂ.ಮೀ. ಮಸೂರವು ಆ ಸ್ಥಾನಕ್ಕೆ ಬಂದಿತು. ಸುಧಾರಣೆಯೆಂದರೆ ಅಷ್ಟೇ. ಆ ಚಿತ್ರಗಳನ್ನು ಇಂದು ಜಗತ್ತಿನ ಸೌರವಿಜ್ಞಾನಿಗಳು ಅವಲಂಬಿಸುವುದು ಮಸೂರ ದೊಡ್ಡದೆಂಬ ಕಾರಣಕ್ಕಲ್ಲ, ನೂರಕ್ಕೂ ಹೆಚ್ಚು ವರ್ಷಗಳ ಸಾಲು ಕಡಿಯದೆ ಬಂದಿದೆಯೆಂಬ ಕಾರಣಕ್ಕೆ. ಶಾಲೆಯೊಂದರ ಮಕ್ಕಳು ಸೂರ್ಯಬಿಂಬವನ್ನು ಬಿಳಿ ಹಲಗೆಯ ಮೇಲೆ ಬೀಳಿಸಿ ಅದರ ಕಲೆಗಳನ್ನು ದಿನವೂ ಕಾಗದದಲ್ಲಿ ಗುರುತಿಸುತ್ತ ಹೋದರೆ, ಎರಡು ವಾರಗಳಲ್ಲಿ ಸೂರ್ಯನು ತಿರುಗುವುದನ್ನು ತಾವೇ ಕಾಣುತ್ತಾರೆ. ಹನ್ನೊಂದು ವರ್ಷಗಳ ದಿನಚರಿಯಿದ್ದರೆ ಕಲೆಗಳ ಏರಿಳಿತದ ಒಂದು ಚಕ್ರವೇ ಅದರಲ್ಲಿರುತ್ತದೆ. ಇಂತಹ ದಿನಚರಿಯನ್ನು ಬ್ಯಾಚಿನಿಂದ ಬ್ಯಾಚಿಗೆ ಒಪ್ಪಿಸಿಕೊಡುವುದು ವಿದ್ಯಾಸಂಸ್ಥೆಗೆ ಮಾತ್ರ ಸಾಧ್ಯ.

ರಾತ್ರಿಯ ವೀಕ್ಷಣೆಗೆ ಮಠಗಳ ಆಶ್ರಯದಲ್ಲಿರುವ ಶಾಲೆಗಳಿಗೆ ಇನ್ನೊಂದು ಅನುಕೂಲವಿದೆ. ದಿನದ ಶಾಲೆಗಳಲ್ಲಿ ಸಂಜೆಯಾದೊಡನೆ ಮಕ್ಕಳು ಊರೂರಿಗೆ ಚದರುತ್ತಾರೆ. ರಾತ್ರಿ ಒಂಬತ್ತಕ್ಕೆ ಅವರನ್ನು ಮತ್ತೆ ಕರೆತರುವುದು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಸುಲಭವಲ್ಲ. ಪ್ರಸಾದನಿಲಯದ ಮಕ್ಕಳು ಅಲ್ಲಿಯೇ ಇರುತ್ತಾರೆ. ರಾತ್ರಿಯ ಪ್ರಸಾದವಾದ ಬಳಿಕ ಅರ್ಧ ಗಂಟೆ, ವಾರಕ್ಕೆ ಎರಡು ಸಲ, ಅಂಗಳದ ದೀಪಗಳನ್ನು ಆರಿಸಿದರೆ ಸಾಕು. ಹೊಸ ದೂರದರ್ಶಕಕ್ಕಿಂತ ಆ ದೀಪಗಳಿಗೆ ಬೇರೊಂದು ಸ್ವಿಚ್ಚನ್ನು ಹಾಕಿಸುವುದೇ ಮೊದಲ ಕೆಲಸವಾದೀತು. ನಿಲಯದ ಹಿರಿಯ ವಿದ್ಯಾರ್ಥಿಗಳಿಬ್ಬರಿಗೆ ಉಪಕರಣವನ್ನು ನಡೆಸಲು ಕಲಿಸಿದರೆ ಉಪಾಧ್ಯಾಯರ ಹೊರೆಯೂ ಇಳಿಯುತ್ತದೆ. ಬರಿಗಣ್ಣಿನ ಪರಿಚಯವಿಲ್ಲದೆ ದೂರದರ್ಶಕದ ಬಳಿಗೆ ಹೋಗುವುದು ವರ್ಣಮಾಲೆ ಕಲಿಯದೆ ಗ್ರಂಥ ಬಿಚ್ಚಿದಂತೆ, ಜಿ.ಟಿ. ನಾರಾಯಣರಾವ್ (1926–2008) ಅವರಂತಹವರು ಕನ್ನಡದಲ್ಲಿ ನಕ್ಷತ್ರಗಳನ್ನು ಕುರಿತು ಬರೆದ ಪುಸ್ತಕಗಳು ನಿಲಯದ ಗ್ರಂಥಾಲಯದಲ್ಲಿರಬೇಕು.

ಅವಕಾಶಗಳು ಕೈತಪ್ಪಿದ ನೆನಪೂ ಈ ಸೀಮೆಗೆ ಇದೆ. 1980ರ ಫೆಬ್ರುವರಿ 16ರಂದು ಪೂರ್ಣಗ್ರಹಣದ ನೆರಳು ಕಾರವಾರದ ತೀರದಿಂದ ಬಂದು ಅಂದಿನ ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಕೊಪ್ಪಳ, ಗಂಗಾವತಿಗಳು ಆಗ ಅದೇ ಜಿಲ್ಲೆಯಲ್ಲಿದ್ದವು. ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲಿಯೂ ಸಿಂಧನೂರು ತಾಲ್ಲೂಕಿನ ಜವಳಗೇರಿಯಲ್ಲಿಯೂ ಶಿಬಿರ ಹೂಡಿದ್ದರು. ಹೊರಗೆ ಅವರು ಎರಡು ನಿಮಿಷಗಳಿಗಾಗಿ ವರ್ಷಗಟ್ಟಲೆ ಸಿದ್ಧತೆ ಮಾಡಿಕೊಂಡು ನಿಂತಿದ್ದಾಗ, ಅಂಜಿಕೆಯಿಂದ ಬಾಗಿಲು ಹಾಕಿಕೊಂಡು ಒಳಗೆ ಕುಳಿತವರ ಸಂಖ್ಯೆಯೇ ದೊಡ್ಡದಾಗಿತ್ತು. ಗ್ರಹಣವಂತೂ ಬಂದು ಹೋಗುವಂಥದು. ಶನಿಯ ಬಳೆಯಾದರೋ 2025ರಲ್ಲಿ ಅಂಚು ತಿರುಗಿ ಗೆರೆಯಂತಾಗಿ, ಆ ಬಳಿಕ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತ 2032ರ ಸುಮಾರಿಗೆ ಪೂರ್ತಿಯಾಗಿ ಬಿಚ್ಚಿಕೊಳ್ಳುವುದು. ಇಂದು ಐದನೆಯ ತರಗತಿಗೆ ಸೇರಿದ ಮಗು ಶಾಲೆ ಬಿಡುವುದರೊಳಗೆ ಆ ಬದಲಾವಣೆಯ ದೊಡ್ಡ ಪಾಲನ್ನು ತಾನೇ ಚಿತ್ರ ಬರೆದು ಇಟ್ಟುಕೊಳ್ಳಬಹುದು.

ದಾನಿಗಳಲ್ಲಿ ಒಂದು ವಿಜ್ಞಾಪನೆ ಸಲ್ಲುತ್ತದೆ. ಹೆಸರನ್ನು ಕೊಳವೆಯ ಮೇಲೆ ಕೆತ್ತಿಸುವುದಕ್ಕಿಂತ ಕಂಬದ ಮೇಲೆ ಕೆತ್ತಿಸುವುದು ಲೇಸು. ಕೊಳವೆ ಬದಲಾಗುತ್ತದೆ, ಕಂಬ ನಿಲ್ಲುತ್ತದೆ. ಉಪಕರಣದ ಬೆಲೆಯ ಹತ್ತನೆಯ ಒಂದು ಪಾಲನ್ನು ಠೇವಣಿಯಾಗಿ ಇಟ್ಟರೆ ಅದರ ಬಡ್ಡಿಯಿಂದ ತೇವ ಹೀರುವ ಸಿಲಿಕಾ ಹರಳುಗಳ ಚೀಲ, ಮೋಟಾರಿನ ಬ್ಯಾಟರಿ, ಆಗಾಗ ಒಂದು ನೇತ್ರಕ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಮುಸುಕಿದ ತಿಂಗಳುಗಳಲ್ಲಿ ಮಸೂರವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಹರಳುಗಳೊಡನೆ ಇರಿಸಬೇಕು, ಬಟ್ಟೆಯಿಂದ ಉಜ್ಜಬಾರದು. ಕಂಬಕ್ಕೆ ಪಾಯ ತೋಡಲು ದಸರೆಯ ರಜೆ ಒಳ್ಳೆಯ ಕಾಲ. ಆಗ ಕಾಂಕ್ರೀಟು ಹಾಕಿ ತಿಂಗಳೊಪ್ಪತ್ತು ನೀರುಣಿಸಿದರೆ ಕಾರ್ತಿಕದ ನಡುವಿಗೆ ಅದು ಪೀಠವನ್ನು ಹೊರಲು ಸಿದ್ಧವಾಗಿರುತ್ತದೆ. ಆ ಹೊತ್ತಿಗೆ ಮುಸ್ಸಂಜೆ ಕಳೆದೊಡನೆ ಪೂರ್ವದ ಗುಡ್ಡಗಳ ಮೇಲೆ ಕೃತ್ತಿಕೆ ಏರಿ ಬಂದಿರುತ್ತದೆ.